ವಜ್ರದ ಗುಣ, ವರ್ತಕನ ವ್ರತ
ರತ್ನಪರೀಕ್ಷೆಯ ಇತಿಹಾಸದಲ್ಲಿ ಅಚೌರ್ಯದ ವಿಚಾರ

ಜೈನ ಪರಂಪರೆಯಲ್ಲಿ 'ರತ್ನ' ಎಂಬ ಶಬ್ದಕ್ಕೆ ದೊರೆತಿರುವ ಗೌರವ ಸಾಮಾನ್ಯವಾದುದಲ್ಲ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳನ್ನು ನಾವು ರತ್ನತ್ರಯವೆಂದು ಕರೆಯುತ್ತೇವೆ. ಗೃಹಸ್ಥರ ಧರ್ಮವನ್ನು ನಿರೂಪಿಸಲು ಹೊರಟ ಆಚಾರ್ಯ ಸಮಂತಭದ್ರರು ತಮ್ಮ ಕೃತಿಗೆ 'ರತ್ನಕರಂಡಕ' ಎಂದು, ಅಂದರೆ ರತ್ನಗಳನ್ನಿಡುವ ಭರಣಿ ಎಂದು ಹೆಸರಿಟ್ಟರು. ದಾನಚಿಂತಾಮಣಿ ಅತ್ತಿಮಬ್ಬೆಯು ಒಂದು ಸಾವಿರದ ಐನೂರು ಸುವರ್ಣ-ರತ್ನಮಯ ಜಿನಪ್ರತಿಮೆಗಳನ್ನು ಮಾಡಿಸಿದಳೆಂಬುದು ಕನ್ನಡ ನಾಡಿನ ಹೆಮ್ಮೆಯ ನೆನಪು. ಮೂಡುಬಿದಿರೆಯ ಗುರುಬಸದಿಯಲ್ಲಿ ಸಿದ್ಧಾಂತ ದರ್ಶನಕ್ಕೆಂದು ಹೋದ ಯಾತ್ರಿಕರು ರತ್ನಪ್ರತಿಮೆಗಳ ಮುಂದೆ ಕೈಮುಗಿದು ನಿಂತಿದ್ದಾರೆ.

ಇನ್ನೊಂದು ಕಡೆ, ರತ್ನವೆಂಬುದು ವ್ಯಾಪಾರದ ಸರಕೂ ಹೌದು. ಪಶ್ಚಿಮ ಭಾರತದ ಅನೇಕ ಜೈನ ಕುಟುಂಬಗಳಿಗೆ ರತ್ನವ್ಯಾಪಾರವೇ ತಲೆಮಾರುಗಳ ಜೀವನೋಪಾಯವಾಗಿ ಬಂದಿದೆ. ಹೀಗಿರುವಾಗ 'ಈ ಕಲ್ಲು ಉತ್ತಮ, ಇದು ಅಧಮ' ಎಂದು ಯಾರು ಹೇಳಬೇಕು, ಯಾವ ಆಧಾರದ ಮೇಲೆ ಹೇಳಬೇಕು, ಹೇಳಿದ ಮಾತಿಗೆ ಯಾರು ಹೊಣೆ ಎಂಬ ಪ್ರಶ್ನೆಗಳು ನಮಗೆ ಕೇವಲ ಲಾಭನಷ್ಟದ ಪ್ರಶ್ನೆಗಳಾಗಿ ಉಳಿಯುವುದಿಲ್ಲ; ಆಚಾರದ ಪ್ರಶ್ನೆಗಳೂ ಆಗುತ್ತವೆ. ವಜ್ರದ ಗುಣಗಳನ್ನು ಗುರುತಿಸಿ ದರ್ಜೆ ಕಟ್ಟುವ ವಿದ್ಯೆ ನಮ್ಮ ದೇಶದಲ್ಲಿ ಹೇಗೆ ಬೆಳೆಯಿತು, ಇಂದಿನ ಪ್ರಮಾಣಪತ್ರದವರೆಗೆ ಹೇಗೆ ಬಂದಿತು ಎಂಬುದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರಕಾರರು ಕಂಡ ವಜ್ರ

ಅರವತ್ತನಾಲ್ಕು ಕಲೆಗಳಲ್ಲಿ ರತ್ನಪರೀಕ್ಷೆಯೂ ಒಂದೆಂದು ಪ್ರಾಚೀನರು ಎಣಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವು ರಾಜಭಂಡಾರಕ್ಕೆ ಸೇರಬೇಕಾದ ವಸ್ತುಗಳನ್ನು ವಿವರಿಸುವಾಗ ಉತ್ತಮ ವಜ್ರದ ಲಕ್ಷಣಗಳನ್ನು ಹೇಳುತ್ತದೆ: ಅದು ದೊಡ್ಡದಾಗಿರಬೇಕು, ಭಾರವಾಗಿರಬೇಕು, ಪೆಟ್ಟನ್ನು ತಾಳಬೇಕು, ಕೋನಗಳು ಸಮವಾಗಿರಬೇಕು, ಪಾತ್ರೆಯ ಮೇಲೆ ಗೀರು ಎಳೆಯುವಂತಿರಬೇಕು, ಹೊಳೆಯಬೇಕು. ವರಾಹಮಿಹಿರನು ಆರನೆಯ ಶತಮಾನದ ತನ್ನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಬುದ್ಧಭಟ್ಟನ ರತ್ನಪರೀಕ್ಷೆ ಮತ್ತು ಅಗಸ್ತಿಮತ ಈ ವಿಷಯಕ್ಕೇ ಮೀಸಲಾದ ಗ್ರಂಥಗಳು. ಗರುಡಪುರಾಣವೂ ಇದನ್ನು ಬಿಟ್ಟಿಲ್ಲ. ಕನ್ನಡ ನಾಡಿನ ಕೊಡುಗೆಯೂ ಇಲ್ಲಿ ಕಡಿಮೆಯದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಕೋಶದ ಪ್ರಸಂಗ ಬಂದಾಗ ರತ್ನಗಳ ಪರೀಕ್ಷೆ ವಿವರವಾಗಿ ನಿರೂಪಿತವಾಗಿದೆ.

ಈ ಗ್ರಂಥಕಾರರ ಕಣ್ಣಿಗೆ ಆದರ್ಶವಾದ ವಜ್ರವು ಸಾಣೆ ಹಿಡಿದದ್ದಲ್ಲ, ಭೂಮಿಯಿಂದ ಬಂದ ಸಹಜಾಕೃತಿಯದು. ಆರು ಕೋಟಿಗಳು, ಎಂಟು ಪಾರ್ಶ್ವಗಳು, ಹನ್ನೆರಡು ಧಾರೆಗಳು ಇರುವುದೇ ಶ್ರೇಷ್ಠ ವಜ್ರ ಎಂದರು. ಎರಡು ಚೌಕ ಗೋಪುರಗಳನ್ನು ತಳಕ್ಕೆ ತಳ ಕೂಡಿಸಿದಂತಿರುವ ಆಕೃತಿಯೇ ಇದು; ಇಂದಿನ ಸ್ಫಟಿಕಶಾಸ್ತ್ರವು ಅಷ್ಟಫಲಕವೆಂದು ವರ್ಣಿಸುವ ರೂಪದ ಎಣಿಕೆಯೊಡನೆ ಇದು ಅಕ್ಷರಶಃ ಹೊಂದುತ್ತದೆ. ದೋಷಗಳಿಗೂ ಹೆಸರುಗಳಿದ್ದವು: ಮಲ, ಬಿಂದು, ರೇಖೆ, ಯವ, ಕಾಕಪದ. ಕಾಗೆಯ ಹೆಜ್ಜೆಯಂತೆ ಕವಲೊಡೆದ ಒಳಬಿರುಕನ್ನು ಕಾಕಪದವೆಂದು ಕರೆದರು. ಭೂತಗನ್ನಡಿ ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಇಷ್ಟನ್ನು ಕಂಡು ವರ್ಗೀಕರಿಸಿದ್ದು ಸಣ್ಣ ಸಾಧನೆಯಲ್ಲ.

ತೂಕಕ್ಕೂ ಬೆಲೆಗೂ ಇರುವ ಸಂಬಂಧವನ್ನು ಸಹ ಅವರು ಅರಿತಿದ್ದರು. ಎಂಟು ಬಿಳಿ ಸಾಸಿವೆ ಕಾಳುಗಳು ಒಂದು ತಂಡುಲಕ್ಕೆ, ಅಂದರೆ ಒಂದು ಅಕ್ಕಿಕಾಳಿಗೆ ಸಮ. ಇಪ್ಪತ್ತು ತಂಡುಲ ತೂಗುವ ವಜ್ರದ ಬೆಲೆ ಎರಡು ಲಕ್ಷ ಎಂಬುದು ವರಾಹಮಿಹಿರನ ಲೆಕ್ಕ. ತೂಕ ಎರಡೆರಡು ತಂಡುಲದಂತೆ ಇಳಿದಾಗ ಬೆಲೆಯು ಅದೇ ಪ್ರಮಾಣದಲ್ಲಿ ಇಳಿಯದೆ ಬಹುವೇಗವಾಗಿ ಕುಸಿಯುತ್ತದೆ. ದೊಡ್ಡ ಕಲ್ಲು ವಿರಳ ಎಂಬ ಅನುಭವವೇ ಈ ಕೋಷ್ಟಕದ ಹಿಂದೆ ಇದೆ.

ಆದರೆ ಇದೇ ಗ್ರಂಥಗಳಲ್ಲಿ ನಾವು ಎಚ್ಚರದಿಂದ ಓದಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಬಣ್ಣದ ವಿಚಾರ. ಬಿಳಿ, ಕೆಂಪು, ಹಳದಿ, ಕಪ್ಪು ವಜ್ರಗಳನ್ನು ನಾಲ್ಕು ವರ್ಣದವರಿಗೆ ಹಂಚಿ, ಕಲ್ಲಿನ ಯೋಗ್ಯತೆಯನ್ನು ಧರಿಸುವವನ ಜನ್ಮದೊಡನೆ ಜೋಡಿಸಿದರು. ಇಲ್ಲಿ ಕಲ್ಲಿನ ಗುಣವನ್ನು ಅಳೆಯುವ ಬದಲು ಸಮಾಜದ ಶ್ರೇಣಿಯನ್ನು ಕಲ್ಲಿನ ಮೇಲೆ ಹೇರಿದಂತಾಯಿತು. ಎರಡನೆಯದು, ಉತ್ತಮ ವಜ್ರವು ಹಗುರವಾಗಿದ್ದು ನೀರಿನಲ್ಲಿ ತೇಲುತ್ತದೆ ಎಂಬ ಮಾತು. ಕೌಟಿಲ್ಯನು ಭಾರವೇ ಗುಣವೆಂದಿದ್ದನು; ಮುಂದಿನವರು ಹಗುರತನವೇ ಗುಣವೆಂದರು. ವಜ್ರವು ತನ್ನಷ್ಟೇ ಗಾತ್ರದ ನೀರಿಗಿಂತ ಮೂರೂವರೆ ಪಟ್ಟು ಭಾರ, ಅದು ತೇಲಲಾರದು. ಒಂದು ಬಟ್ಟಲು ನೀರಿನಿಂದ ಪರೀಕ್ಷಿಸಬಹುದಾಗಿದ್ದ ಮಾತು ಗ್ರಂಥದಿಂದ ಗ್ರಂಥಕ್ಕೆ ನೂರಾರು ವರ್ಷ ಸಾಗಿ ಬಂದಿತು. ಪ್ರತ್ಯಕ್ಷದಿಂದ ತಿಳಿಯಬಹುದಾದುದನ್ನು ಕೇವಲ ಕೇಳಿಕೆಯಿಂದ ಒಪ್ಪಿಕೊಂಡರೆ ಎಂತಹ ಪಂಡಿತರೂ ಎಡವುತ್ತಾರೆಂಬುದಕ್ಕೆ ಇದು ನಿದರ್ಶನ.

ಠಕ್ಕುರ ಫೇರು

ಕೇಳಿಕೆಯ ಜೊತೆಗೆ ಕಣ್ಣಿನ ಸಾಕ್ಷ್ಯವನ್ನೂ ತಂದವರಲ್ಲಿ ಒಬ್ಬ ಜೈನ ಶ್ರಾವಕನ ಹೆಸರು ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚು ಪರಿಚಿತವಾಗಬೇಕಾಗಿದೆ. ಆತನೇ ಠಕ್ಕುರ ಫೇರು. ಶ್ರೀಮಾಲ ಕುಲದ ಈತ ಶ್ವೇತಾಂಬರ ಖರತರಗಚ್ಛದ ಅನುಯಾಯಿ. ದೆಹಲಿಯಲ್ಲಿ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದನು. 1315ರಲ್ಲಿ ತನ್ನ ಮಗ ಹೇಮಪಾಲನಿಗಾಗಿ ಪ್ರಾಕೃತ ಭಾಷೆಯಲ್ಲಿ ರತ್ನಪರೀಕ್ಷೆಯೆಂಬ ಕೃತಿಯನ್ನು ರಚಿಸಿದನು. ಪೂರ್ವಾಚಾರ್ಯರ ಗ್ರಂಥಗಳನ್ನು ನೋಡಿದ್ದಲ್ಲದೆ, ಸುಲ್ತಾನನ ಭಂಡಾರದ ರತ್ನರಾಶಿಯನ್ನು ತಾನು ಸ್ವತಃ ಕಂಡು ಬರೆಯುತ್ತಿರುವುದಾಗಿ ಈತ ಹೇಳಿಕೊಳ್ಳುತ್ತಾನೆ. ಹಳೆಯ ಶಾಸ್ತ್ರದ ಬೆಲೆಗಳನ್ನು ಪಾಠದಂತೆ ಒಪ್ಪಿಸದೆ, ತನ್ನ ಕಾಲದಲ್ಲಿ ನಡೆಯುತ್ತಿದ್ದ ಬೆಲೆಗಳನ್ನು ತೂಕಕ್ಕನುಗುಣವಾಗಿ ಕೋಷ್ಟಕದಲ್ಲಿ ಕೊಟ್ಟಿರುವುದು ಈ ಕೃತಿಯ ವೈಶಿಷ್ಟ್ಯ.

ಫೇರುವಿನ ಆಸಕ್ತಿ ರತ್ನಗಳಿಗೆ ಸೀಮಿತವಾಗಿರಲಿಲ್ಲ. ವಾಸ್ತು, ಜ್ಯೋತಿಷ, ಗಣಿತಗಳ ಮೇಲೂ ಬರೆದನು. 1318ರ ದ್ರವ್ಯಪರೀಕ್ಷೆಯಲ್ಲಿ, ದೆಹಲಿಯ ಟಂಕಸಾಲೆಯ ಅನುಭವದ ಬಲದಿಂದ, ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳಲ್ಲಿ ಬೆಳ್ಳಿ ಬಂಗಾರಗಳ ಅಂಶವೆಷ್ಟು ಎಂಬುದನ್ನು ದಾಖಲಿಸಿದನು. ಆತನ ಕೃತಿಗಳ ಹಸ್ತಪ್ರತಿಯು 1946ರಲ್ಲಿ ಕಲ್ಕತ್ತೆಯಲ್ಲಿ ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಎಂಬ ಜೈನ ವಿದ್ವಾಂಸರ ಕಣ್ಣಿಗೆ ಬಿದ್ದು, 1961ರಲ್ಲಿ ಜೋಧಪುರದಿಂದ ಅಚ್ಚಾಗಿ ಹೊರಬಂದಿತು.

ಇಲ್ಲಿ ಗಮನಿಸತಕ್ಕ ವಿಷಯವೆಂದರೆ ಫೇರು ತನ್ನ ವಿದ್ಯೆಯನ್ನು ಮುಚ್ಚಿಡಲಿಲ್ಲ. ಪರೀಕ್ಷಕನ ಲಾಭ ಬಹುಮಟ್ಟಿಗೆ ಇತರರ ಅಜ್ಞಾನದಿಂದ ಬರುತ್ತದೆ. ಆ ಅಜ್ಞಾನವನ್ನು ನೀಗಿಸುವ ಪುಸ್ತಕವನ್ನು, ಸಂಸ್ಕೃತಕ್ಕಿಂತ ವ್ಯವಹಾರಸ್ಥರಿಗೆ ಹತ್ತಿರವಾದ ಭಾಷೆಯಲ್ಲಿ ಬರೆಯುವುದೆಂದರೆ ಅಳತೆಯನ್ನು ಹತ್ತು ಜನರ ಕೈಗೆ ಕೊಟ್ಟಂತೆ.

ಗಣಿಯ ಬಳಿಯ ಪರೀಕ್ಷೆ

ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲ್‌ನ ಗಣಿಗಳು ಪತ್ತೆಯಾಗುವವರೆಗೆ ಜಗತ್ತಿನ ವಜ್ರಗಳೆಲ್ಲ ಬಹುತೇಕ ಭಾರತದಿಂದಲೇ ಹೋಗುತ್ತಿದ್ದವು. ಕೃಷ್ಣಾ, ತುಂಗಭದ್ರಾ, ಪೆನ್ನಾರ್ ಸೀಮೆಯ ಗಣಿಗಳು ವಿಜಯನಗರದ ಸಂಪತ್ತಿಗೂ ಮೂಲವಾಗಿದ್ದವು. ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್, ಗಣಿಗಳನ್ನು ಗುತ್ತಿಗೆ ಹಿಡಿದವರು ಇಪ್ಪತ್ತು ಮಂಜಾಡಿಗಿಂತ ಹೆಚ್ಚು ತೂಗುವ ವಜ್ರಗಳನ್ನು ಅರಸನ ಭಂಡಾರಕ್ಕೆ ಒಪ್ಪಿಸಬೇಕೆಂಬ ಕಟ್ಟಳೆಯಿತ್ತೆಂದು ಬರೆದಿದ್ದಾನೆ.

ಒಂದು ಶತಮಾನದ ತರುವಾಯ ಫ್ರೆಂಚ್ ರತ್ನವರ್ತಕ ಟಾವೆರ್ನಿಯೆ ಇದೇ ಸೀಮೆಗೆ ಬಂದನು. ಅವನ ಪ್ರವಾಸಕಥನ 1676ರಲ್ಲಿ ಪ್ರಕಟವಾಯಿತು. ಆಗ ಬಿಜಾಪುರದ ಆಳ್ವಿಕೆಯಲ್ಲಿದ್ದ, ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟೆಯೆಂದು ಗುರುತಿಸಲಾಗಿರುವ ಗಣಿಯಲ್ಲಿ ಅವನು ಕಂಡ ಪದ್ಧತಿಗಳು ಕುತೂಹಲಕರವಾಗಿವೆ. ಯೂರೋಪಿನಲ್ಲಿ ವಜ್ರವನ್ನು ಹಗಲಿನ ಬೆಳಕಿನಲ್ಲಿ ನೋಡುತ್ತಿದ್ದರೆ, ಇಲ್ಲಿನವರು ರಾತ್ರಿಯ ಹೊತ್ತು, ಗೋಡೆಯಲ್ಲಿ ಕೊರೆದ ಒಂದು ಅಡಿ ಚೌಕದ ಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು, ಕಲ್ಲನ್ನು ಬೆರಳುಗಳ ನಡುವೆ ಹಿಡಿದು ಅದರ 'ನೀರನ್ನು', ಅಂದರೆ ವರ್ಣ ಮತ್ತು ಸ್ವಚ್ಛತೆಯನ್ನು ನಿರ್ಣಯಿಸುತ್ತಿದ್ದರು. ಕಲ್ಲಿನಲ್ಲಿ ನೀಲಿಯ ಛಾಯೆಯಿದೆಯೇ ಎಂದು ತಿಳಿಯಲು ಎಲೆಗಳು ದಟ್ಟವಾಗಿರುವ ಮರದ ಕೆಳಗೆ ಒಯ್ದು ಹಸಿರು ನೆರಳಿನಲ್ಲಿ ನೋಡಿದರೆ ತಪ್ಪದೆ ಗೊತ್ತಾಗುತ್ತದೆಂದೂ ಅವನು ಬರೆಯುತ್ತಾನೆ. ಬೆಲೆ ಮಾತಿನಿಂದ ತೀರ್ಮಾನವಾಗುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ಕುಳಿತು, ಬಟ್ಟೆಯ ಮರೆಯಲ್ಲಿ ಕೈಹಿಡಿದು, ಬೆರಳುಗಳ ಒತ್ತುವಿಕೆಯಿಂದಲೇ ಸಾವಿರ-ನೂರುಗಳ ಲೆಕ್ಕ ಮುಗಿಸುತ್ತಿದ್ದರು. ವರ್ತಕರ ಮಕ್ಕಳು ಬೆಳಿಗ್ಗೆ ಮರದಡಿ ತಕ್ಕಡಿ ಹಿಡಿದು ಕುಳಿತು, ಬಂದ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ನೋಡಿ ಕೊಂಡು, ಸಂಜೆ ಲಾಭವನ್ನು ಹಂಚಿಕೊಳ್ಳುತ್ತಿದ್ದರಂತೆ. ಪರೀಕ್ಷಾಶಾಸ್ತ್ರ ಪುಸ್ತಕದಿಂದ ಮಾತ್ರವಲ್ಲ, ಹೀಗೆ ಎಳವೆಯ ಅಭ್ಯಾಸದಿಂದಲೂ ಸಾಗಿಬಂದಿತು.

ಟಾವೆರ್ನಿಯೆ ಬೆಲೆಗೆ ಒಂದು ಸೂತ್ರವನ್ನೂ ಕೊಟ್ಟನು: ಒಂದು ಕ್ಯಾರೆಟ್ಟಿನ ಬೆಲೆಯನ್ನು ತೂಕದ ವರ್ಗದಿಂದ ಗುಣಿಸಬೇಕು. ಒಂದು ಕ್ಯಾರೆಟ್ ಕಲ್ಲಿಗೆ ನೂರು ರೂಪಾಯಿಯಾದರೆ ಎರಡು ಕ್ಯಾರೆಟ್ಟಿಗೆ ನಾಲ್ಕು ನೂರು, ಮೂರಕ್ಕೆ ಒಂಬೈನೂರು. ಇಂತಹ ಲೆಕ್ಕದಲ್ಲಿ ತೂಕದ ಅತ್ಯಲ್ಪ ವ್ಯತ್ಯಾಸವೂ ದೊಡ್ಡ ಮೋಸಕ್ಕೆ ಎಡೆಕೊಡುತ್ತದೆಂಬುದು ಸ್ಪಷ್ಟ.

ಇಂದಿನ ನಾಲ್ಕು ಅಳತೆಗಳು

ಇಂದು ಜಗತ್ತು ಒಪ್ಪಿರುವ ಪದ್ಧತಿಯಲ್ಲಿ ವಜ್ರವನ್ನು ತೂಕ, ವರ್ಣ, ನಿರ್ಮಲತೆ, ಕಟಿಂಗ್ ಎಂಬ ನಾಲ್ಕು ಗುಣಗಳಿಂದ ಅಳೆಯುತ್ತಾರೆ.

ಕ್ಯಾರೆಟ್ ಎಂಬುದು ಕೆರೋಬ್ ಎಂಬ ಮರದ ಬೀಜದಿಂದ ಬಂದ ತೂಕ; ನಮ್ಮ ಗುಲಗಂಜಿಯಂತೆಯೇ. ಚಿನ್ನದ ಕ್ಯಾರೆಟ್ ಶುದ್ಧತೆಯನ್ನು ಹೇಳಿದರೆ ವಜ್ರದ ಕ್ಯಾರೆಟ್ ತೂಕವನ್ನು ಹೇಳುತ್ತದೆ; ಎರಡನ್ನೂ ಒಂದೆಂದು ಭಾವಿಸಬಾರದು. ಹಿಂದೆ ಊರಿಗೊಂದು ಕ್ಯಾರೆಟ್ ಇತ್ತು. ಲಂಡನ್ನಿನದು ಸುಮಾರು 205 ಮಿಲಿಗ್ರಾಂ. 1907ರಲ್ಲಿ ತೂಕ ಅಳತೆಗಳ ಅಂತಾರಾಷ್ಟ್ರೀಯ ಮಹಾಸಭೆಯು 200 ಮಿಲಿಗ್ರಾಮಿನ ಮೆಟ್ರಿಕ್ ಕ್ಯಾರೆಟ್ಟನ್ನು ಅಂಗೀಕರಿಸಿತು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಶೇಕಡಾ ಎರಡೂವರೆ. ಆದರೆ ವರ್ಗದ ಸೂತ್ರದಂತೆ ಬೆಲೆಯಲ್ಲಿ ಅದು ಶೇಕಡಾ ಐದಾಗುತ್ತದೆ.

ವರ್ಣ, ನಿರ್ಮಲತೆಗಳಲ್ಲಿ ಗೊಂದಲ ಇನ್ನೂ ಹೆಚ್ಚಾಗಿತ್ತು. ಅಂಗಡಿಗೊಂದು ಪರಿಭಾಷೆ, 'ಎ', 'ಎರಡು ಎ' ಎಂದು ತಮ್ಮ ಸರಕನ್ನು ತಾವೇ ಹೊಗಳಿಕೊಳ್ಳುವ ರೂಢಿ. ಅಮೆರಿಕದಲ್ಲಿ 1931ರಲ್ಲಿ ರಾಬರ್ಟ್ ಶಿಪ್ಲೆ ಸ್ಥಾಪಿಸಿದ ರತ್ನಶಾಸ್ತ್ರ ಸಂಸ್ಥೆಯು, ರಿಚರ್ಡ್ ಲಿಡಿಕೋಟ್ ಅವರ ನೇತೃತ್ವದಲ್ಲಿ, 1953ರಲ್ಲಿ ಹೊಸ ಶ್ರೇಣಿಯನ್ನು ರೂಪಿಸಿತು. ವರ್ಣಶ್ರೇಣಿ 'ಡಿ' ಅಕ್ಷರದಿಂದ ಆರಂಭವಾಗಿ 'ಝಡ್'ವರೆಗೆ ಹೋಗುತ್ತದೆ. 'ಡಿ' ಎಂದರೆ ಬಣ್ಣವೇ ಇಲ್ಲದ್ದು. ಮುಂದೆ ಹೋದಂತೆ ಹಳದಿಯ ಛಾಯೆ ಹೆಚ್ಚುತ್ತದೆ. 'ಎ'ಯಿಂದ ಆರಂಭಿಸದಿರಲು ಕಾರಣವಿಷ್ಟೆ: ವರ್ತಕರ ಬಾಯಲ್ಲಿ ಸವೆದು ಅರ್ಥ ಕಳೆದುಕೊಂಡ ಅಕ್ಷರಗಳಿಂದ ದೂರವಿರುವುದು. ಕಲ್ಲನ್ನು ನಿಯತವಾದ ಬೆಳಕಿನಲ್ಲಿ ಬೋರಲಾಗಿಟ್ಟು, ವರ್ಣ ಖಚಿತವಾಗಿರುವ ಮಾದರಿ ಕಲ್ಲುಗಳೊಡನೆ ಹೋಲಿಸಿ ಅಕ್ಷರ ಕೊಡುತ್ತಾರೆ. ಗೋಡೆಯ ಗೂಡಿನ ದೀಪ ಮಾಡುತ್ತಿದ್ದ ಕೆಲಸವೇ ಇದು. ಆದರೆ ದೀಪ ಎಲ್ಲೆಡೆ ಒಂದೇ ಆಗಿದೆ.

ನಿರ್ಮಲತೆಗೆ ಹನ್ನೊಂದು ದರ್ಜೆಗಳಿವೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನುರಿತ ಕಣ್ಣಿಗೂ ಏನೂ ಕಾಣದ ಕಲ್ಲು ಮೇಲಿನ ದರ್ಜೆಯದು. ಬರಿಗಣ್ಣಿಗೇ ಬಿರುಕು ಚುಕ್ಕೆಗಳು ಕಾಣುವುದು ಕೆಳಗಿನದು. ಬಿಂದು, ರೇಖೆ, ಕಾಕಪದಗಳೇ ಇಲ್ಲಿ ಬೇರೆ ಹೆಸರಿನಿಂದ ಬಂದಿವೆ.

ನಾಲ್ಕನೆಯದಾದ ಕಟಿಂಗ್ ಮಾತ್ರ ಪ್ರಾಚೀನರ ಶ್ರೇಣಿಯಲ್ಲಿ ಇರಲಿಲ್ಲ. ಒಳಹೊಕ್ಕ ಬೆಳಕು ಮೇಲ್ಮುಖವಾಗಿಯೇ ಹಿಂದಿರುಗಬೇಕಾದರೆ ಕೋನಗಳು ಯಾವ ಪ್ರಮಾಣದಲ್ಲಿರಬೇಕೆಂದು ಬೆಲ್ಜಿಯಂ ಮೂಲದ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಗಣಿತದಿಂದ ತೋರಿಸಿದನು. ದುಂಡು ವಜ್ರಕ್ಕೆ ಕಟಿಂಗ್‌ನ ಐದು ದರ್ಜೆಗಳನ್ನು ಅಮೆರಿಕದ ಅದೇ ಸಂಸ್ಥೆ 2006ರಿಂದ ಕೊಡುತ್ತಿದೆ. ಮೊದಲ ಮೂರು ಗುಣಗಳು ಭೂಮಿಯ ಕೊಡುಗೆ. ನಾಲ್ಕನೆಯದು ಮನುಷ್ಯನ ಶ್ರಮ. ಇಂದು ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಸೂರತ್ ಮತ್ತು ಗುಜರಾತಿನ ಇತರ ಊರುಗಳ ಕುಶಲಕರ್ಮಿಗಳ ಕೈಯಲ್ಲಿ ಸಾಣೆ ಕಾಣುತ್ತವೆ. ಪಾಲನ್‌ಪುರದ ಜೈನ ವರ್ತಕರು ಮುಂಬಯಿಯಿಂದ ಬೆಲ್ಜಿಯಂನ ಆಂಟ್‌ವರ್ಪ್‌ವರೆಗೆ ಈ ವ್ಯಾಪಾರವನ್ನು ಹರಡಿದರು.

ಶ್ರೇಣಿ ಹೇಳದ ಮಾತುಗಳು

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಗುರುತಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕಳ್ಳತನದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೊಡನೆ ಬೆರೆಸುವುದು. ಈ ಕೊನೆಯದನ್ನು ಉಮಾಸ್ವಾಮಿ ಆಚಾರ್ಯರು ಪ್ರತಿರೂಪಕ ವ್ಯವಹಾರವೆಂದರೆ, ಸಮಂತಭದ್ರರು ಸದೃಶಸನ್ಮಿಶ್ರವೆಂದು ಹೆಸರಿಸಿದರು. ಇವುಗಳೊಂದಿಗೆ ವಜ್ರಪರೀಕ್ಷೆಯ ಇತಿಹಾಸವನ್ನು ಹೋಲಿಸಿದರೆ, ಅದು ಈ ದೋಷಗಳಿಗೆ ಒಂದೊಂದಾಗಿ ಬೇಲಿ ಕಟ್ಟುತ್ತ ಬಂದ ಇತಿಹಾಸವೆಂದು ಹೇಳಬಹುದು. ಮೆಟ್ರಿಕ್ ಕ್ಯಾರೆಟ್ ತೂಕದ ಮೋಸಕ್ಕೆ ಬೇಲಿ. ಆದರೆ ಎಲ್ಲ ಬೇಲಿಗಳೂ ಪೂರ್ತಿಯಾಗಿಲ್ಲ.

ಪ್ರಯೋಗಾಲಯದ ವಜ್ರವನ್ನೇ ನೋಡೋಣ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಅತ್ಯಧಿಕ ಒತ್ತಡ ಮತ್ತು ತಾಪದಲ್ಲಿ ಇಂಗಾಲವನ್ನು ವಜ್ರವಾಗಿಸಿದರು. ಈಗ ಅನಿಲದಿಂದ ಪದರ ಪದರವಾಗಿ ವಜ್ರ ಬೆಳೆಸುವ ವಿಧಾನವೂ ಇದ್ದು, ಸೂರತ್ ಅದರ ದೊಡ್ಡ ಕೇಂದ್ರಗಳಲ್ಲೊಂದಾಗಿದೆ. ಇದು ಗಾಜಲ್ಲ, ಧಾತುವಿನಲ್ಲಿ, ಕಾಠಿಣ್ಯದಲ್ಲಿ ವಜ್ರವೇ. ಅಂಗಡಿಗಳಲ್ಲಿರುವ ಶಾಖವಾಹಕತೆಯ ಸಾಮಾನ್ಯ ಪರೀಕ್ಷಾಯಂತ್ರಕ್ಕೆ ಎರಡೂ ಒಂದೇ; ಭೇದವನ್ನರಿಯಲು ಪ್ರಯೋಗಾಲಯದ ವರ್ಣಪಟಲ ಪರೀಕ್ಷೆ ಬೇಕು. ಇದನ್ನು ಇದರ ಹೆಸರಿನಿಂದಲೇ ಮಾರಿದರೆ ದೋಷವಿಲ್ಲ. ಆದರೆ ಸಣ್ಣ ಕಲ್ಲುಗಳ ಪೊಟ್ಟಣದಲ್ಲಿ ಗಣಿಯ ವಜ್ರದೊಡನೆ ಹೇಳದೆ ಬೆರೆಸುವುದು ಸದೃಶಸನ್ಮಿಶ್ರವಲ್ಲದೆ ಬೇರೇನು? 'ಸದೃಶ' ಎಂಬ ಪದವನ್ನು ಬಳಸಿದ ಆಚಾರ್ಯರ ದೃಷ್ಟಿಯ ಸೂಕ್ಷ್ಮತೆ ಇಲ್ಲಿ ಕಾಣುತ್ತದೆ. ಮೋಸವಿರುವುದು ವಸ್ತುವಿನ ಕೀಳುತನದಲ್ಲಲ್ಲ, ಹೋಲಿಕೆಯನ್ನು ಬಳಸಿಕೊಂಡು ಭೇದವನ್ನು ಮುಚ್ಚಿಡುವುದರಲ್ಲಿ. ಕಳೆದ ಕೆಲವು ವರ್ಷಗಳಲ್ಲಿ ಪ್ರಯೋಗಾಲಯದ ವಜ್ರದ ಬೆಲೆ ಬಹಳ ಇಳಿದಿರುವುದರಿಂದ ಈ ಪ್ರಲೋಭನೆ ಇನ್ನಷ್ಟು ಹೆಚ್ಚಿದೆ. 2025ರಲ್ಲಿ ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯು ಪ್ರಯೋಗಾಲಯದ ವಜ್ರಗಳಿಗೆ ಹಳೆಯ ವರ್ಣ-ನಿರ್ಮಲತೆಯ ಶ್ರೇಣಿಗಳನ್ನು ಕೊಡುವುದನ್ನು ನಿಲ್ಲಿಸಿ, ಎರಡೇ ಸ್ಥೂಲ ವರ್ಗಗಳನ್ನು ಇರಿಸಿತು.

ಬಿರುಕನ್ನು ಗಾಜಿನಂಥ ದ್ರವ್ಯದಿಂದ ತುಂಬುವುದು, ಕಪ್ಪು ಚುಕ್ಕೆಯನ್ನು ಲೇಸರ್ ಕಿರಣದಿಂದ ಕೊರೆದು ತೆಗೆಯುವುದು, ಒತ್ತಡ-ತಾಪಗಳಿಂದ ಬಣ್ಣ ಬದಲಿಸುವುದು ಇವೂ ಇದೇ ಕೋಟಿಗೆ ಸೇರಿದ ವಿಷಯಗಳು. ಹೇಳಿ ಮಾಡಿದರೆ ಕೌಶಲ, ಹೇಳದೆ ಮಾರಿದರೆ ಅತಿಚಾರ.

ಇನ್ನು ಕಲ್ಲು ಬಂದ ದಾರಿ. ಅಂಗೋಲಾ, ಸಿಯೆರಾ ಲಿಯೋನ್‌ಗಳ ಅಂತರ್ಯುದ್ಧಗಳಲ್ಲಿ ದಂಗೆಕೋರರು ವಜ್ರ ಮಾರಿ ಆಯುಧ ಕೊಂಡರು. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಕ್ರೌರ್ಯದಲ್ಲಿ ಜನರ ಕೈಗಳನ್ನೇ ಕಡಿಯಲಾಯಿತು. ಅಂತಹ ಕಲ್ಲು 'ಡಿ' ವರ್ಣದ್ದಾಗಿ, ನಿರ್ದೋಷವಾಗಿ ಇದ್ದಿರಬಹುದು. ಮಸೂರದಲ್ಲಿ ರಕ್ತ ಕಾಣುವುದಿಲ್ಲ. 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಪ್ರಮಾಣಪತ್ರ ವ್ಯವಸ್ಥೆಯಲ್ಲಿ ಭಾರತವೂ ಸೇರಿದೆ. ಒರಟು ವಜ್ರದ ಮಾರಾಟದಿಂದ ದಂಗೆಕೋರರಿಗೆ ಹಣ ಹೋಗಿಲ್ಲವೆಂಬುದನ್ನಷ್ಟೇ ಅದು ಹೇಳುತ್ತದೆ. 2008ರಲ್ಲಿ ಜಿಂಬಾಬ್ವೆಯ ಮರಾಂಗೆ ಗಣಿಪ್ರದೇಶದಲ್ಲಿ ಸರ್ಕಾರಿ ಪಡೆಗಳೇ ಹಿಂಸೆಗಿಳಿದಾಗ ಈ ವ್ಯಾಖ್ಯೆಯ ಕೊರತೆ ಬಯಲಾಯಿತು. ವ್ಯವಸ್ಥೆಯ ರೂಪುಗೊಳ್ಳುವಿಕೆಯಲ್ಲಿ ಪಾಲ್ಗೊಂಡಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆ 2011ರಲ್ಲಿ ಅದರಿಂದ ಹೊರನಡೆಯಿತು.

ಭೂಮಿಯನ್ನು ಅಗೆದು ಒಡೆಯುವ ಸ್ಫೋಟಕರ್ಮವನ್ನು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಎಣಿಸಲಾಗಿದೆ. ರತ್ನವ್ಯಾಪಾರಿ ಸ್ವತಃ ಅಗೆಯುವುದಿಲ್ಲ, ನಿಜ. ಆದರೆ ಅಗೆದವನು ಯಾರು, ಅವನಿಗೆ ಕೂಲಿ ಸಿಕ್ಕಿತೇ, ಪ್ರಾಣಹಾನಿಯಾಯಿತೇ ಎಂದು ಕೇಳದಿರುವುದಕ್ಕೆ ಅದು ನೆಪವಾಗಬಾರದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ನೆಲೆಗಳಲ್ಲಿಯೂ ಹೊಣೆಯನ್ನು ಕಾಣುವ ಧರ್ಮ ನಮ್ಮದು.

ಬಸದಿಗಳ ಭಂಡಾರ

ಈ ವಿಚಾರ ವರ್ತಕರಿಗೆ ಮಾತ್ರ ಸಂಬಂಧಿಸಿದುದಲ್ಲ. ಭಕ್ತರು ಹರಕೆಯಾಗಿ ಒಪ್ಪಿಸಿದ ರತ್ನಾಭರಣಗಳು ಅನೇಕ ಬಸದಿಗಳಲ್ಲಿವೆ. ಹಳೆಯ ದಾಖಲೆಗಳಲ್ಲಿ 'ವಜ್ರದ ಪದಕ ಒಂದು' ಎಂದಿಷ್ಟೇ ಬರೆದಿದ್ದರೆ, ಮುಂದೊಂದು ದಿನ ಕಲ್ಲು ಬದಲಾದರೂ ತಿಳಿಯುವ ಬಗೆಯಿಲ್ಲ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಕೂಡಿಸಿದ ವಜ್ರದ ಬಗೆಗೆ ಏನನ್ನೂ ಹೇಳುವುದಿಲ್ಲವೆಂಬುದನ್ನೂ ಆಡಳಿತ ಮಂಡಳಿಗಳು ನೆನಪಿಡಬೇಕು.

ಪ್ರತಿಯೊಂದು ಆಭರಣದ ಭಾವಚಿತ್ರ, ಕಲ್ಲುಗಳ ಸಂಖ್ಯೆ, ಅಳತೆ, ಗಣಿಯದೋ ಪ್ರಯೋಗಾಲಯದ್ದೋ ಎಂಬ ವಿವರ, ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆ ಇವನ್ನು ದಾಖಲೆಪುಸ್ತಕದಲ್ಲಿ ಬರೆದು, ಇಬ್ಬರು ಟ್ರಸ್ಟಿಗಳು ರುಜು ಹಾಕುವುದು ಸೂಕ್ತ. ದೊಡ್ಡ ಕಲ್ಲುಗಳನ್ನು, ಮಾರುವುದರಲ್ಲಿ ಕೊಳ್ಳುವುದರಲ್ಲಿ ಪಾಲಿಲ್ಲದ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷಿಸಿಡಬೇಕು. ಅಳೆಯುವವನೇ ಮಾರುವವನೂ ಆಗಬಾರದೆಂಬುದು ಈ ಇತಿಹಾಸವೆಲ್ಲ ಕಲಿಸುವ ಪಾಠ. ಒಡವೆಯಲ್ಲಿ ಕಟ್ಟಿದ ಕಲ್ಲನ್ನು ಬಿಡಿಸದೆ ಪೂರ್ಣವಾದ ದರ್ಜೆ ಹೇಳಲಾಗದು. ಪ್ರಾಚೀನ ಆಭರಣಗಳನ್ನು ಅದಕ್ಕಾಗಿ ಬಿಚ್ಚಿಸುವ ಅಗತ್ಯವಿಲ್ಲ, ಇದ್ದ ಸ್ಥಿತಿಯನ್ನೇ ದಾಖಲಿಸಿದರೆ ಸಾಕು. ದಾನಿಯು ಪ್ರಯೋಗಾಲಯದ ವಜ್ರವನ್ನು ಕೊಟ್ಟರೆ ಅದನ್ನು ಹಾಗೆಯೇ ಬರೆದುಕೊಂಡು ಗೌರವದಿಂದ ಸ್ವೀಕರಿಸಬೇಕು. ದಾನದ ಯೋಗ್ಯತೆಯನ್ನು ಕಲ್ಲಿನ ಶ್ರೇಣಿ ನಿರ್ಣಯಿಸುವುದಿಲ್ಲ. ದಾಖಲೆಯ ಸತ್ಯವನ್ನು ಮಾತ್ರ ಅದು ಕಾಯುತ್ತದೆ.

ಮನೆಗಳಲ್ಲಿಯೂ ಇದೇ ಮಾತು. ಮದುವೆಗೆ ಒಡವೆ ಕೊಳ್ಳುವಾಗ ತೂಕ, ಬಣ್ಣ, ಹೊಳಪುಗಳೊಡನೆ ಇನ್ನೆರಡು ಪ್ರಶ್ನೆಗಳನ್ನು ಅಂಗಡಿಯವರಿಗೆ ಕೇಳಬಹುದು: ಇದು ಎಲ್ಲಿಂದ ಬಂದಿತು? ಇದಕ್ಕೆ ಏನೇನು ಮಾಡಲಾಗಿದೆ? ಉತ್ತರವನ್ನು ರಸೀತಿಯಲ್ಲಿ ಬರೆಸಿಕೊಳ್ಳಬೇಕು. ಏಳು ಶತಮಾನಗಳ ಹಿಂದೆ ಫೇರು ಮಗನಿಗೆಂದು ಪುಸ್ತಕ ಬರೆದುದು ಅವನು ಕಣ್ಣು ತೆರೆದು ವ್ಯವಹರಿಸಲೆಂದು. ನಮ್ಮ ಮಕ್ಕಳಿಗೂ ಈ ಕೇಳುವ ಅಭ್ಯಾಸವನ್ನು ಕಲಿಸಿದರೆ ಆ ಶ್ರಾವಕನ ವಿದ್ಯೆ ಮುಂದುವರಿದಂತಾಗುತ್ತದೆ.